ಪಡಿತರ ಚೀಟಿಯೂ ಯಂತ್ರದ ಅನುಮಾನವೂ

ಸರಕಾರದ ನೆರವು ಕಳ್ಳರ ಪಾಲಾಗಬಾರದೆಂಬುದನ್ನು ಯಾರೂ ಅಲ್ಲಗಳೆಯರು. ಸತ್ತವರ ಹೆಸರಿನಲ್ಲಿ ಅಕ್ಕಿ ಎತ್ತುವವರು, ಒಂದೇ ಸಂಸಾರಕ್ಕೆ ಎರಡು ಚೀಟಿ ಇಟ್ಟುಕೊಂಡವರು ಎಲ್ಲ ಕಡೆಯೂ ಉಂಟು. ಇವರನ್ನು ಹಿಡಿಯಲು ಗುಮಾಸ್ತರ ಕಣ್ಣು ಸಾಲದೆಂದು ಈಗ ಗಣಕಯಂತ್ರವನ್ನೂ ಕೃತಕ ಬುದ್ಧಿಮತ್ತೆಯನ್ನೂ ಕೆಲಸಕ್ಕೆ ಹಚ್ಚಿದ್ದಾರೆ. ಅದರಿಂದ ಏನಾಯಿತೆಂದು ತಿಳಿಯಲು ದೂರ ಹೋಗಬೇಕಾಗಿಲ್ಲ. ನಮ್ಮವರು ಬಹುಕಾಲದಿಂದ ನೆಲಸಿರುವ ಹೈದರಾಬಾದಿನ ಕಥೆಯೇ ಸಾಕು.

ತೆಲಂಗಾಣ ಸರಕಾರವು ‘ಸಮಗ್ರ ವೇದಿಕ’ ಎಂಬ ವ್ಯವಸ್ಥೆಯೊಂದನ್ನು ಕಟ್ಟಿತು. ಇಲಾಖೆಗಳು ಬೇರೆ ಬೇರೆಯಾಗಿ ಇಟ್ಟಿದ್ದ ಆಸ್ತಿ, ತೆರಿಗೆ, ವಾಹನ ಮೊದಲಾದ ದಾಖಲೆಗಳನ್ನು ಹೆಸರು ವಿಳಾಸಗಳ ಆಧಾರದ ಮೇಲೆ ಒಂದಕ್ಕೊಂದು ಹೆಣೆಯುವುದು ಇದರ ಕೆಲಸ. 2018–19ರ ಕೇಂದ್ರ ಆರ್ಥಿಕ ಸಮೀಕ್ಷೆಯು ಇದನ್ನು ಒಳ್ಳೆಯ ಮಾದರಿಯೆಂದೇ ಎತ್ತಿ ತೋರಿಸಿತು. ಕಾರು ಉಳ್ಳ ಸಂಸಾರಕ್ಕೆ ಅಗ್ಗದ ಅಕ್ಕಿ ಇಲ್ಲವೆಂಬುದು ನಿಯಮ. ಕಾರು ಯಾರದೆಂದು ಹೇಳುವುದು ಯಂತ್ರ.

ತೊಡಕು ಇರುವುದು ಇಲ್ಲಿಯೇ. ಯಾವ ಕನ್ನಡ ಸಂಘದ ಸದಸ್ಯರ ಪಟ್ಟಿಯನ್ನು ತೆರೆದರೂ ಎಷ್ಟು ಕುಲಕರ್ಣಿಗಳು, ಎಷ್ಟು ರಾಯರು! ಅದೇ ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲಿ ಒಂದು ಕಚೇರಿ ಒಂದು ಬಗೆಯಾಗಿ ಬರೆದರೆ ಇನ್ನೊಂದು ಇನ್ನೊಂದು ಬಗೆ. ಆದುದರಿಂದ ಯಂತ್ರವು ‘ಇವನೇ ಅವನು’ ಎಂದು ಖಚಿತವಾಗಿ ಹೇಳಲಾರದು. ಇಷ್ಟು ಪಾಲು ಹೋಲುತ್ತದೆ ಎಂದು ಅಂದಾಜು ಮಾಡುತ್ತದೆ. ಆ ಅಂದಾಜನ್ನೇ ತೀರ್ಪೆಂದು ತಿಳಿದರೆ ಕೆಟ್ಟಿತು. ಸೈಕಲ್ ರಿಕ್ಷಾ ತುಳಿಯುತ್ತಿದ್ದ ಬಡವನೊಬ್ಬನನ್ನು, ಹೆಸರಿನ ಹೋಲಿಕೆಯಿಂದ, ಕಾರಿನ ಒಡೆಯನೆಂದು ಬರೆದುಕೊಂಡು ಅವನ ಸಂಸಾರಕ್ಕೆ ಅಕ್ಕಿ ಇಲ್ಲವೆಂದ ಪ್ರಕರಣ ಪತ್ರಿಕೆಗಳಲ್ಲಿ ಬಂದಿದೆ. ತನಗಿಲ್ಲದ ಕಾರು ತನ್ನದಲ್ಲವೆಂದು ರುಜುವಾತು ಮಾಡುವುದು ಹೇಗೆ, ಹೇಳಿ!

2014ರಿಂದ 2019ರವರೆಗೆ ಆ ರಾಜ್ಯದಲ್ಲಿ ರದ್ದಾದ ಚೀಟಿಗಳು ಸುಮಾರು 19 ಲಕ್ಷ. ಇವುಗಳಲ್ಲಿ ಅನೇಕರಿಗೆ ಮುಂಚಿತವಾಗಿ ನೋಟೀಸು ಸಹ ಹೋಗಲಿಲ್ಲ. ವಿಷಯ ಸುಪ್ರೀಂ ಕೋರ್ಟಿನವರೆಗೆ ಹೋಗಿ, 2022ರ ಏಪ್ರಿಲಿನಲ್ಲಿ ಮನೆಮನೆಗೆ ಹೋಗಿ ಪರಿಶೀಲಿಸಬೇಕೆಂದು ಆಜ್ಞೆಯಾಯಿತು. ಪರಿಶೀಲಿಸಿದ ಅರ್ಜಿಗಳಲ್ಲಿ ನೂರಕ್ಕೆ ಏಳಕ್ಕೂ ಮಿಕ್ಕಿ ಅರ್ಹರದೇ ಎಂದು ತಿಳಿದುಬಂತು. ನೂರಕ್ಕೆ ಏಳು ಏನು ಮಹಾ ಎನ್ನುವವರಿರಬಹುದು. ಲಕ್ಷಕ್ಕೆ ಏಳು ಸಾವಿರ ಒಲೆಗಳು, ಸ್ವಾಮಿ.

ಆಸ್ಟ್ರೇಲಿಯದಲ್ಲಿ ನಡೆದುದಂತೂ ಇನ್ನೂ ವಿಚಿತ್ರ. ಅಲ್ಲಿ ವರ್ಷದ ಆದಾಯವನ್ನು 26 ಪಕ್ಷಗಳಿಗೆ ಸಮನಾಗಿ ಹಂಚಿ, ಆರು ತಿಂಗಳು ದುಡಿದು ಆರು ತಿಂಗಳು ಕೆಲಸವಿಲ್ಲದೆ ನೆರವು ಪಡೆದವನನ್ನು ಸಾಲಗಾರನೆಂದು ಲೆಕ್ಕ ಹಾಕಿದರು. ಅದರಲ್ಲಿ ಕೃತಕ ಬುದ್ಧಿಯೂ ಇರಲಿಲ್ಲ, ಬರಿಯ ಭಾಗಾಕಾರ! 2020ರಲ್ಲಿ ಸರಕಾರವೇ ವಸೂಲಿಯನ್ನು ಹಿಂದಿರುಗಿಸಲು ಒಪ್ಪಬೇಕಾಯಿತು.

ಯಂತ್ರ ಬೇಡವೆಂದು ನಾವು ಹೇಳುತ್ತಿಲ್ಲ. ಅದು ಬೊಟ್ಟು ಮಾಡಿ ತೋರಿಸಲಿ; ಚೀಟಿ ರದ್ದು ಮಾಡುವ ಮೊದಲು ಮನುಷ್ಯನೊಬ್ಬ ಆ ಮನೆಯ ಬಾಗಿಲು ತಟ್ಟಲಿ.

ನಮ್ಮ ಮನೆಗೆಲಸಕ್ಕೆ ಬರುವ ಹೆಂಗಸರಲ್ಲಿ ಯಾರದಾದರೂ ಪಡಿತರ ನಿಂತಿದೆಯೆ ಎಂದು ಸೋದರಿಯರು ವಿಚಾರಿಸಬೇಕು. 2013ರ ಆಹಾರ ಭದ್ರತಾ ಕಾಯಿದೆಯಂತೆ ಜಿಲ್ಲೆಯ ಕುಂದುಕೊರತೆ ಅಧಿಕಾರಿಗೆ ದೂರು ಕೊಡಬಹುದು. ಅಲ್ಲಿ ಆಗದಿದ್ದರೆ ರಾಜ್ಯ ಆಹಾರ ಆಯೋಗಕ್ಕೆ ಮೇಲ್ಮನವಿ ಉಂಟು. ಕಾರಣವನ್ನು ಬರಹದಲ್ಲಿಯೇ ಕೇಳಬೇಕು. ಅರ್ಜಿ ಬರೆಯಲು ನಮ್ಮ ನಿವೃತ್ತ ಹಿರಿಯರಿದ್ದಾರೆ. ಮೂವತ್ತು ವರ್ಷ ಕರಡು ತಿದ್ದಿದ ಕೈ ಅವರದು.