ತೊಡೆಯ ಉರಿಗೆ ದುರ್ಬೀನ ಆಪರೇಶನ್: ಸಹಿ ಹಾಕುವ ಮೊದಲು

ನಮ್ಮ ಅಕ್ಕಲಕೋಟ, ಸೊಲ್ಲಾಪುರದ ಕಡೆ ಯಾವ ಆಪರೇಶನ್ನಿಗೇ ಆಗಲಿ ‘ದುರ್ಬೀನ’ ಎಂಬ ಶಬ್ದ ಸೇರಿತೆಂದರೆ ಜನಕ್ಕೆ ಅರ್ಧ ಧೈರ್ಯ ಬಂದುಬಿಡುತ್ತದೆ. ಕೊಯ್ಯೋದಿಲ್ಲ, ಸಣ್ಣ ತೂತು ಅಷ್ಟೇ, ನಾಲ್ಕು ದಿನಕ್ಕೆ ಅಂಗಡಿಗೆ ಬಂದು ಕೂಡಬಹುದು ಎಂಬ ಲೆಕ್ಕ. ಪಿತ್ತಕೋಶದ ಹರಳಿಗೆ ಈ ಲೆಕ್ಕ ಸರಿ ಇರಬಹುದು. ತೊಡೆಯಲ್ಲಿ ನರ ಸಿಕ್ಕಿಬಿದ್ದದ್ದಕ್ಕೂ ಅದೇ ಲೆಕ್ಕ ಹಾಕಿ ಕಾಗದಕ್ಕೆ ಸಹಿ ಮಾಡುವುದು ನನಗೆ ಒಪ್ಪಿಗೆಯಿಲ್ಲ. ತೂತು ಎಷ್ಟು ಸಣ್ಣದು ಎಂಬುದಕ್ಕಿಂತ, ಒಳಗೆ ನರವನ್ನು ಬಿಡಿಸುತ್ತಾರೋ ಕತ್ತರಿಸುತ್ತಾರೋ ಎಂದು ಮೊದಲು ಕೇಳಬೇಕು.

ರೋಗ ಇಷ್ಟೇ. ತೊಡೆಯ ಹೊರಮಗ್ಗುಲಲ್ಲಿ ಅಂಗೈ ಅಗಲದ ಜಾಗ ಉರಿಯುತ್ತದೆ, ಜೋಮು ಹಿಡಿಯುತ್ತದೆ, ಧೋತರದ ಅಂಚು ತಾಗಿದರೂ ಚುರುಗುಟ್ಟುತ್ತದೆ. ಬೆನ್ನಿನಿಂದ ಹೊರಟ ಒಂದು ತೆಳು ನರ ಸೊಂಟದ ಮುಂದಿನ ಎಲುಬಿನ ಮೊನೆಯ ಹತ್ತಿರ, ತೊಡೆಸಂದಿಯ ಗಟ್ಟಿ ಪಟ್ಟಿಯ ಕೆಳಗೆ ನುಸುಳಿ ಇಳಿಯುತ್ತದೆ. ಅಲ್ಲಿ ಅದು ಒತ್ತಿದರೆ ಈ ಉರಿ. ಡಾಕ್ಟರರ ಭಾಷೆಯಲ್ಲಿ ಮೆರಾಲ್ಜಿಯಾ ಪ್ಯಾರೆಸ್ತೆಟಿಕಾ. 1895ರಲ್ಲಿ ಈ ಹೆಸರಿಟ್ಟ ರಷ್ಯದ ವೈದ್ಯ ರೋತ್ ಇದನ್ನು ಬಿಗಿಯಾದ ಪಟ್ಟಾ ಕಟ್ಟುವ ಕುದುರೆ ಸವಾರರಲ್ಲಿ ಕಂಡಿದ್ದ. ನಮ್ಮಲ್ಲಿ ಕುದುರೆ ಎಲ್ಲಿಂದ ಬರಬೇಕು? ಹೊಟ್ಟೆಯ ಕೆಳಗೆ ಬಿಗಿದ ಬೆಲ್ಟು, ಹೆಂಗಸರ ಪರಕರದ ಲಾಡಿ, ಹುಡುಗರ ಜೀನ್ಸ್, ಗಾದಿಯ ಮೇಲೆ ಕೂತು ಕೂತು ಬೆಳೆದ ಹೊಟ್ಟೆ ಇಷ್ಟೇ ಸಾಕು. ಸಕ್ಕರೆ ಕಾಯಿಲೆ ಇದ್ದವರಿಗೆ ಇನ್ನೂ ಹೆಚ್ಚು.

ಗಡಿಯವರಾದ ನಮಗೆ ಇನ್ನೊಂದು ತೊಡಕು, ಮಾತಿನದು. ಮರಾಠಿಯ ‘ಮಾಂಡಿ’ ಎಂದರೆ ತೊಡೆ. ಬೆಂಗಳೂರು ಕನ್ನಡದ ‘ಮಂಡಿ’ ಎಂದರೆ ಮೊಣಕಾಲು. (ವ್ಯಾಪಾರಿಗಳಿಗೋ ಮಂಡಿ ಎಂದರೆ ಮಾಲು ಮಾರುವ ಜಾಗ!) ಮರಾಠಿಯವರು ‘ನಸ’ ಎಂದರೂ ನಾವು ‘ನರ’ ಎಂದರೂ ರಕ್ತದ ನಾಳಕ್ಕೂ ಅದೇ ಶಬ್ದ. ಹೀಗಾಗಿ ‘ನಸ ಕಾಪತೋ’ ಎಂದು ಡಾಕ್ಟರು ಅಂದರೆ ರಕ್ತ ನಿಂತು ಕಾಲು ಹೋಗ್ತದೇನೋ ಎಂದು ನಮ್ಮವರು ಬೆದರುತ್ತಾರೆ. ಹಾಗೇನೂ ಆಗುವುದಿಲ್ಲ. ಇದು ಚರ್ಮದ ಸ್ಪರ್ಶ ತಿಳಿಸುವ ನರ, ಕಾಲು ಆಡಿಸುವುದಲ್ಲ. ಆದರೆ ಕತ್ತರಿಸಿದರೆ ಆ ಜಾಗ ಮರಗಟ್ಟಿಯೇ ಉಳಿಯುತ್ತದೆ. ಅದನ್ನು ಯಾರೂ ಬಿಡಿಸಿ ಹೇಳುವುದಿಲ್ಲ.

ನಮ್ಮ ಓಣಿಯ ಅಡತಿ ವ್ಯಾಪಾರಿಯೊಬ್ಬರ ಜೊತೆ ದುಭಾಷಿಯಾಗಿ ನಾನು ಓಡಾಡಿದ್ದೇನೆ. ಅವರಿಗೆ ಬರುವ ಮರಾಠಿಯಲ್ಲಿ ‘ಕಂಬರ್ ದುಖತೇ’ ಎಂದಿದ್ದಕ್ಕೆ ಒಂದು ದವಾಖಾನೆಯಲ್ಲಿ ಬೆನ್ನಿನ ಎಂಆರ್‌ಐ ಆಯಿತು, ಸಾವಿರಾರು ರೂಪಾಯಿ ಹೋಯಿತು, ವಯಸ್ಸಿನ ಸವೆತ ಬಿಟ್ಟು ಏನೂ ಸಿಗಲಿಲ್ಲ. ಇನ್ನೊಬ್ಬ ಡಾಕ್ಟರು ಮಾತೇ ಕೇಳಲಿಲ್ಲ, ಉರಿಯುವ ಜಾಗದ ಸುತ್ತ ಬೆರಳಿನಿಂದ ಗೆರೆ ಎಳೆದು ತೋರಿಸಿ ಅಂದರು. ಆಮೇಲೆ ಎಲುಬಿನ ಮೊನೆಯ ಪಕ್ಕ ಜೋಮಿನ ಔಷಧದ ಸೂಜಿ ಹಾಕಿದರು. ‘ಅಯ್ಯ, ಉರಿ ಹೋತಲ್ಲೊ ಮಾರಾಯ!’ ಎಂದರು ನಮ್ಮವರು. ರೋಗ ಗುರುತಾದದ್ದು ಹಾಗೆ. ಮುಂದೆ ಬೆಲ್ಟು ಬಿಟ್ಟರು, ತೂಕ ಇಳಿಸಿದರು. ಈಗ ಆಪರೇಶನ್ನಿನ ಮಾತೇ ಇಲ್ಲ.

ಎಲ್ಲರಿಗೂ ಹೀಗೇ ಆಗುತ್ತದೆ ಎಂದು ನಾನು ಹೇಳುವುದಿಲ್ಲ. 2012ರ ಕಾಕ್ರೇನ್ ವಿಮರ್ಶೆಯಲ್ಲಿ ಒಂದು ಅಧ್ಯಯನದ ಲೆಕ್ಕವಿದೆ: 29 ರೋಗಿಗಳಲ್ಲಿ 20 ಮಂದಿಗೆ ತಾನಾಗಿಯೇ ಗುಣ ಕಂಡಿತು. ಸೂಜಿಯಿಂದ 100ಕ್ಕೆ 83, ನರ ಬಿಡಿಸಿದ್ದರಿಂದ 88, ಕತ್ತರಿಸಿದ್ದರಿಂದ 94. ಇವು ಚೀಟಿ ಎತ್ತಿದಂತೆ ರೋಗಿಗಳನ್ನು ಹಂಚಿ ಹೋಲಿಸಿದ ಲೆಕ್ಕವಲ್ಲ, ಅಂಥ ಪರೀಕ್ಷೆ ಆಗ ಇರಲೇ ಇಲ್ಲ. ಆದರೂ ತಿಂಗಳುಗಟ್ಟಲೆ ನಿದ್ದೆಗೆಟ್ಟವರಿಗೆ, ಸೂಜಿಯಿಂದ ಉರಿ ಹೋಗಿ ಮತ್ತೆ ಮತ್ತೆ ಬರುವವರಿಗೆ ಆಪರೇಶನ್ ನಿಜಕ್ಕೂ ಉಪಕಾರ. ಅಂಥವರಿಗೆ ನಾನು ಬೇಡ ಅನ್ನಲಾರೆ.

ದುರ್ಬೀನಿನ ಬಗ್ಗೆ ಮಾತ್ರ ಸ್ವಲ್ಪ ತಡೆದು ನೋಡಿ. ಈ ನರ ಹೊಟ್ಟೆಯ ಆಳದಲ್ಲಿಲ್ಲ. ಬಯಲು ಆಪರೇಶನ್ನಿಗೂ ಕೆಲವೇ ಸೆಂಟಿಮೀಟರು ಕೊಯ್ದರೆ ಸಾಕು. ಹಾಗಾಗಿ ತೂತಿನಿಂದ ಉಳಿಯುವುದು ಹೊಟ್ಟೆಯ ಆಪರೇಶನ್ನಿನಷ್ಟಲ್ಲ. ಮೇಲಾಗಿ ನರದ ದಾರಿ ಒಬ್ಬೊಬ್ಬರಲ್ಲಿ ಒಂದೊಂದು ಕಡೆ. ಇಂಥ ಆಪರೇಶನ್ ಎಷ್ಟು ಮಾಡಿದ್ದೀರಿ, ಮೊದಲು ಸೋನೋಗ್ರಫಿಯಲ್ಲಿ ನರ ಹುಡುಕುತ್ತೀರಾ ಎಂದು ಕೇಳಿದರೆ ಒಳ್ಳೆಯ ಸರ್ಜನರು ಸಿಟ್ಟಾಗುವುದಿಲ್ಲ. ಸೊಲ್ಲಾಪುರದ ದವಾಖಾನೆಗಳಲ್ಲಿ ಕನ್ನಡ ಬಲ್ಲ ಸಿಸ್ಟರು, ವಾರ್ಡಿನವರು ಸಿಗುತ್ತಾರೆ. ‘ಅಕ್ಕಾ, ಈ ಕಾಗದದಾಗ ಏನ್ ಬರದಾರ ಓದಿ ಹೇಳ್ರಿ’ ಎಂದು ಅವರನ್ನು ಪಕ್ಕದಲ್ಲಿ ಕೂಡಿಸಿಕೊಂಡೇ ಸಹಿ ಮಾಡಿ.

ಕಾಲಿನ ಬಲ ಕುಗ್ಗಿದರೆ, ನೋವು ಮೊಣಕಾಲಿನ ಕೆಳಗೆ ಪಾದದವರೆಗೆ ಹರಿದರೆ, ಮೂತ್ರ ಕಟ್ಟಿದರೆ ಅದು ಈ ರೋಗವಲ್ಲ, ಬೆನ್ನಿನದು ಇರಬಹುದು. ಆಗ ಬೆಲ್ಟು ಸಡಿಲಿಸಿ ಕಾಯುತ್ತ ಕೂಡದೆ ಡಾಕ್ಟರಿಗೆ ತೋರಿಸಬೇಕು. ಮೂತ್ರ ಕಟ್ಟಿದ್ದರಂತೂ ಅದೇ ದಿನ.