ದನದ ಬೆದೆ ಓದುವ ಮಕ್ಕಳು ಬೇಕು

ಮಗ ಏನು ಓದಬೇಕು ಎಂದು ಕೇಳಿದರೆ ನಮ್ಮ ಮಂಠಾಳದ ಕಡೆ ಎಂಜಿನಿಯರ್, ಇಲ್ಲವೆ ಮನುಷ್ಯರ ಡಾಕ್ಟರ್ ಅಂತಾರೆ. ಪಶು ಸಂತಾನೋತ್ಪತ್ತಿ ವಿಜ್ಞಾನಿ ಆಗಲಿ ಎಂದವರನ್ನು ನಾನು ಕಂಡಿಲ್ಲ. ಆದರೆ ಒಕ್ಕಲಿಗನ ಮನೆಗೆ ಇದಕ್ಕಿಂತ ಬೇಕಾದ ವಿದ್ಯೆ ಇನ್ನೊಂದಿಲ್ಲ ಎಂಬುದು ನನ್ನ ಅಭಿಪ್ರಾಯ.

ಲೆಕ್ಕ ಹಾಕಿ ನೋಡಿರಿ. ಆಕಳು ಸುಮಾರು 21 ದಿನಕ್ಕೊಮ್ಮೆ ಬೆದೆಗೆ ಬರ್ತದ. ಬೆದೆ ಒಂದು ದಿನವೂ ಪೂರ್ತಿ ಇರೋದಿಲ್ಲ. ಅದು ತಪ್ಪಿತೆಂದರೆ ಮತ್ತೆ 21 ದಿನ ಕಣಕಿ, ಹಿಂಡಿ ಹಾಕುತ್ತ ಕೂಡಬೇಕು. ಹಾಲೂ ತಡ, ಕರುವೂ ತಡ. ಬೇಸಿಗೆಯಲ್ಲಿ ಮೇವು ಕಡಿಮೆಯಾದಾಗ ಕೆಲವು ಆಕಳು ಕೂಗುವುದೇ ಇಲ್ಲ. ಬೆದೆ ಬಂದು ಹೋದದ್ದೂ ತಿಳಿಯಂಗಿಲ್ಲ.

ಈ ವಿದ್ಯೆಯ ದಾರಿ ಉದ್ದ ಅದ. ವಿಜ್ಞಾನದಲ್ಲಿ ಪಿಯುಸಿ ಆದ ಮೇಲೆ ಪಶುವೈದ್ಯ ಪದವಿಗೆ ಐದೂವರೆ ವರ್ಷ. ಅದರಲ್ಲೇ ಒಂದು ವರ್ಷ ಕೈಕೆಲಸದ ತರಬೇತಿ. ಆಮೇಲೆ ಪ್ರಸೂತಿ, ಸಂತಾನೋತ್ಪತ್ತಿ ವಿಷಯದಲ್ಲಿ ಎಂ.ವಿ.ಎಸ್ಸಿ.ಗೆ 2 ವರ್ಷ, ಪಿಎಚ್.ಡಿ.ಗೆ 3 ವರ್ಷ. ಕಲಿಯಲು ದೂರ ಹೋಗಬೇಕಿಲ್ಲ. ಪಶುವೈದ್ಯ ವಿಶ್ವವಿದ್ಯಾಲಯ ನಮ್ಮ ಬೀದರಿನಲ್ಲೇ ಅದ. ಒಕ್ಕಲುತನದ ಮನೆಯ ಮಕ್ಕಳಿಗೆ ಬೇರೆ ಸೀಟು ತೆಗೆದಿಟ್ಟಾರೆ.

ದೇಶದಲ್ಲಿ ಕೃತಕ ಗರ್ಭಧಾರಣೆ ಶುರುವಾದದ್ದೂ ನಮ್ಮ ನಾಡಿನಲ್ಲೇ. 1939ರಲ್ಲಿ ಮೈಸೂರು ಅರಮನೆಯ ಡೈರಿಯಲ್ಲಿ ಡಾ. ಸಂಪತ್ ಕುಮಾರನ್ ಮೊದಲು ಮಾಡಿ ತೋರಿಸಿದರು. ಅಂದು ಅರಮನೆಯ ದನಕ್ಕೆ ಸಿಕ್ಕಿದ್ದು ಇಂದು ಬಡವನ ಆಕಳಿಗೂ ಸಿಗ್ತದ. ವೀರ್ಯವನ್ನು ದ್ರವ ಸಾರಜನಕದಲ್ಲಿ, ಸೊನ್ನೆಗಿಂತ 196 ಡಿಗ್ರಿ ಕೆಳಗೆ, ವರ್ಷಗಟ್ಟಲೆ ಇಡಬಹುದು. ಆದರೆ ಬೆದೆ ಕಣ್ಣಿಗೆ ಬೀಳದಿದ್ದರೆ ಅದು ಡಬ್ಬಿಯಲ್ಲೇ ಉಳಿಯುತ್ತದೆ.

ಅದಕ್ಕೇ ಹೇಳ್ತೀನಿ: ಪಿಎಚ್.ಡಿ. ಮಾಡುವವರು ಒಂದು ಬೇಸಿಗೆಯಾದರೂ ಒಣಬೇಸಾಯದ ಊರಿನ ಕೊಟ್ಟಿಗೆಯಲ್ಲಿ ದನ ನೋಡಿ ಪ್ರಬಂಧ ಬರೆಯಲಿ. ಹಾಲಿಗೂ ನೇಗಿಲಿಗೂ ಸೈ ಎನಿಸಿಕೊಂಡ ನಮ್ಮ ದೇವಣಿ ತಳಿಗೆ ಹುಮನಾಬಾದ ತಾಲ್ಲೂಕಿನ ಹಳ್ಳಿಖೇಡ (ಬಿ)ಯಲ್ಲಿ ಸಂಶೋಧನಾ ಕೇಂದ್ರವೇ ಅದ. ಅಲ್ಲಿ ಕಲಿತದ್ದು ನಮ್ಮ ಗ್ವಾದಲಿಗೂ ಬರಲಿ. ವಿಜ್ಞಾನಿಯ ಬಡ್ತಿಗೆ ಅಚ್ಚಾದ ಪ್ರಬಂಧಗಳ ಜೊತೆ ಊರಲ್ಲಿ ಹುಟ್ಟಿದ ಕರುಗಳನ್ನೂ ಎಣಿಸಲಿ.

ನಾವೂ ಸುಮ್ಮನೆ ಕೂಡಬಾರದು. ಬೆಳಿಗ್ಗೆ ಬೆದೆ ಕಂಡರೆ ಸಂಜೆ, ಸಂಜೆ ಕಂಡರೆ ಮರುದಿನ ಬೆಳಿಗ್ಗೆ ಗರ್ಭಧಾರಣೆ ಮಾಡಿಸಬೇಕು. ಆ ತಾರೀಖು ಕ್ಯಾಲೆಂಡರಿನಲ್ಲಿ ಬರೆದಿಡಬೇಕು. ನಾವು ಬರೆದಿಡದ ದಿನವನ್ನು ಎಷ್ಟು ಓದಿದ ವಿಜ್ಞಾನಿಯೂ ಹುಡುಕಿ ಕೊಡಲಾರ.