ಹೊದಿಕೆ ಮತ್ತೆ ಬೆಳೆಯುತ್ತದೆಂಬ ನೆಪ

ಅರೇಬಿಕಾ ಗಿಡಕ್ಕೆ ಬಿಳಿ ಕಾಂಡಕೊರಕ ತಗುಲಿತೆಂದರೆ ನಮ್ಮ ತೋಟಗಳಲ್ಲಿ ಕ್ಲೋರ್‌ಪೈರಿಫಾಸ್ ಡಬ್ಬಿಯ ಮುಚ್ಚಳ ತೆರೆಯುತ್ತದೆ. ಅದಕ್ಕೂ ಮೊದಲು ಲಿಂಡೇನ್ ಇತ್ತು. ಪಂಪು ಹೊರುವವರು ಬಹುಪಾಲು ಲೈನ್‌ಮನೆಗಳ ಯರವರು, ಕುರುಬರು, ಹೊರಗಿನಿಂದ ಬಂದ ಕೂಲಿಕಾರರು. ಬೆನ್ನ ಮೇಲೆ ಸೋರಿದ ದ್ರಾವಣದಲ್ಲಿ ತೊಯ್ದ ಅಂಗಿಯಲ್ಲೇ ಮನೆಗೆ ಮರಳಿ ಮಗುವನ್ನೆತ್ತಿಕೊಳ್ಳುತ್ತಾರೆ. ಇದನ್ನು ಪ್ರಶ್ನಿಸಿದರೆ ಹೊಸದೊಂದು ಉತ್ತರ ಸಿದ್ಧವಾಗಿದೆ: ನರಕ್ಕೆ ಪೆಟ್ಟಾದರೂ ಅದರ ಹೊದಿಕೆ ಮತ್ತೆ ಬೆಳೆಯುತ್ತದೆಂದು ವಿಜ್ಞಾನವೇ ಹೇಳಿದೆಯಲ್ಲ!

ಹೇಳಿರುವುದು ನಿಜ. ಆದರೆ ವಿಜ್ಞಾನದ ಮಾತನ್ನು ಅರ್ಧದಲ್ಲೇ ತುಂಡರಿಸಿ ಉಲ್ಲೇಖಿಸುವುದು ವಂಚನೆ.

ನರತಂತುವನ್ನು ಪದರಪದರವಾಗಿ ಸುತ್ತಿಕೊಂಡ ಕೊಬ್ಬಿನ ಹೊದಿಕೆಯೇ ಮಯಲಿನ್. ಅದು ಕಳಚಿದಲ್ಲಿ ಸಂದೇಶ ನಿಧಾನವಾಗುತ್ತದೆ ಇಲ್ಲವೆ ನಿಂತೇಹೋಗುತ್ತದೆ. ಮಿದುಳಿನಲ್ಲಿ ಇದನ್ನು ನೇಯುವುದು ಆಲಿಗೋಡೆಂಡ್ರೋಸೈಟ್ ಎಂಬ ಕೋಶ. ಒಂದೊಂದು ಕೋಶಕ್ಕೆ ಹತ್ತಾರು ತಂತುಗಳ ಹೊಣೆ. ಕ್ಯುಪ್ರಿಝೋನ್ ಎಂಬ ರಾಸಾಯನಿಕವನ್ನು ಐದಾರು ವಾರ ಮೇವಿನಲ್ಲಿ ತಿಂದ ಇಲಿಗಳಲ್ಲಿ ಈ ಕೋಶಗಳು ಸಾಯುತ್ತವೆ, ಹೊದಿಕೆ ಉದುರುತ್ತದೆ. ಮೇವು ಬದಲಿಸಿದರೆ ಮಿದುಳಿನ ಕಾವಲುಕೋಶಗಳು ಕಸ ಗುಡಿಸುತ್ತವೆ, ಎಳೆಯ ಕೋಶಗಳು ಬೆಳೆದು ಕೆಲವೇ ವಾರಗಳಲ್ಲಿ ಮತ್ತೆ ಸುತ್ತತೊಡಗುತ್ತವೆ. ಹೊಸ ಹೊದಿಕೆ ಮೊದಲಿನದಕ್ಕಿಂತ ತೆಳು. ಅದೇ ವಿಷವನ್ನು ಹನ್ನೆರಡು ವಾರ ಉಣಿಸಿದರೆ ದುರಸ್ತಿ ಕುಂಟುತ್ತದೆ. ವಯಸ್ಸಾದಷ್ಟೂ ಇನ್ನೂ ಕುಂಟುತ್ತದೆ. ಎಂದರೆ, ಮರುಹುಟ್ಟಿಗೆ ಮೊದಲ ಷರತ್ತು ವಿಷ ನಿಲ್ಲುವುದು. ವರ್ಷಕ್ಕೆರಡು ಬಾರಿ ಪಂಪು ಹೊರುವವನಿಗೆ ಆ ಬಿಡುವು ಕೊಟ್ಟವರು ಯಾರು?

ಇನ್ನೂ ಗಂಭೀರವಾದ ಮಾತೊಂದಿದೆ. ಆರ್ಗನೋಫಾಸ್ಫೇಟ್ ವಿಷಗಳ ದಾರಿಯೇ ಬೇರೆ. ತೀವ್ರ ವಿಷಬಾಧೆಯಿಂದ ಬದುಕುಳಿದ ಕೆಲವರಲ್ಲಿ ಎರಡು ಮೂರು ವಾರಗಳ ನಂತರ ಕಾಲು ಜೋಮು ಹಿಡಿದು ಸೋಲುತ್ತದೆ. ಕ್ಲೋರ್‌ಪೈರಿಫಾಸ್ ಕುಡಿದವರಲ್ಲೂ ಇದು ಕಂಡಿದೆ. 1930ರಲ್ಲಿ ಅಮೆರಿಕದಲ್ಲಿ ಇದೇ ವರ್ಗದ ರಾಸಾಯನಿಕ ಬೆರೆತ ಶುಂಠಿ ಕಷಾಯ ಕುಡಿದು ಸಾವಿರಾರು ಮಂದಿ ಕಾಲಿನ ಶಕ್ತಿ ಕಳೆದುಕೊಂಡರು. ಇಲ್ಲಿ ಮೊದಲು ಸಾಯುವುದು ತಂತು; ಹೊದಿಕೆ ಆಮೇಲೆ ಕುಸಿಯುತ್ತದೆ. ಕೈಕಾಲಿನ ನರ ಒಂದಿಷ್ಟು ಚಿಗುರೀತು, ಬೆನ್ನುಹುರಿಯ ತಂತು ಚಿಗುರುವುದು ಕಷ್ಟ. ತಂತಿಯೇ ತುಂಡಾದ ಮೇಲೆ ರಬ್ಬರು ಸುತ್ತುವುದು ಯಾವುದಕ್ಕೆ?

ಕಾಸರಗೋಡು ನಮಗೆ ದೂರವಲ್ಲ. ಪಡ್ರೆಯ ಗೇರುಗುಡ್ಡಗಳ ಮೇಲೆ ಎರಡು ದಶಕಗಳಿಗೂ ಹೆಚ್ಚು ಕಾಲ, 2000ದವರೆಗೆ, ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿಯಿತು. ಎಂಡೋಸಲ್ಫಾನ್ ಕೆಡಿಸುವುದು ಮಯಲಿನನ್ನಲ್ಲ, ಮಿದುಳಿನ ಉದ್ರೇಕಕ್ಕೆ ಕಡಿವಾಣ ಹಾಕುವ ವ್ಯವಸ್ಥೆಯನ್ನು. ಎಲ್ಲವನ್ನೂ ಒಂದೇ ಕೋಲಿನಿಂದ ಅಳೆಯುವುದು ನಮಗೂ ಸಲ್ಲದು. ಆದರೆ ಸುರಕ್ಷಿತವೆಂಬ ಭರವಸೆ ಅಲ್ಲಿಯೂ ಇತ್ತು. ಸುಪ್ರೀಂ ಕೋರ್ಟು ಅದನ್ನು ತಡೆದದ್ದು 2011ರ ಮೇ ತಿಂಗಳಲ್ಲಿ.

ಕ್ಲೋರ್‌ಪೈರಿಫಾಸ್ 2025ರ ಮೇ ತಿಂಗಳಲ್ಲಿ ಸ್ಟಾಕ್‌ಹೋಮ್ ಒಪ್ಪಂದದ ನಿರ್ಮೂಲನಾ ಪಟ್ಟಿಗೆ ಸೇರಿತು, ಹಲವು ವಿನಾಯಿತಿಗಳ ಸಮೇತ. ವಿನಾಯಿತಿ ಮುಗಿಯುವವರೆಗೆ ಕಾಯಬೇಕಿಲ್ಲ. ನೆರಳು ಉಳಿಸುವುದು, ದುಂಬಿ ಹಾರುವ ಏಪ್ರಿಲ್–ಮೇ ಮತ್ತು ಅಕ್ಟೋಬರ್–ಡಿಸೆಂಬರಿಗೆ ಮುನ್ನ ಕೊರಕ ಹತ್ತಿದ ಗಿಡ ಕಿತ್ತು ಸುಡುವುದು, ನಾರಿನಿಂದ ಕಾಂಡದ ಸಡಿಲ ತೊಗಟೆ ಉಜ್ಜುವುದು, ಸುಣ್ಣ ಬಳಿಯುವುದು: ಇವು ಕಾಫಿ ಬೆಳೆಗಾರರಿಗೆಲ್ಲ ಗೊತ್ತಿರುವ ಕೆಲಸಗಳು. ಉಜ್ಜಲು ಆಳು ಸಿಗುವುದಿಲ್ಲವೆನ್ನುತ್ತಾರೆ. ಪಂಪು ಹೊರಲು ಎಲ್ಲಿಂದ ಸಿಗುತ್ತಾರೆ?